‘ಕತ್ತಲಲ್ಲಿಡಿ’: ಒಂದು ಸೂಚನೆಯ ತೂಕ

ಫ್ಲೋ ಸೈಟೋಮೆಟ್ರಿಗೆ ಬಳಸುವ ಪ್ರತಿದೀಪ್ತ ಬಣ್ಣಗಳ ಸೀಸೆಗಳ ಮೇಲೆ ಹೆಚ್ಚುಕಡಿಮೆ ಒಂದೇ ಮಾತು ಅಚ್ಚಾಗಿರುತ್ತದೆ: ಬೆಳಕು ತಾಗಿಸಬೇಡಿ. ಪ್ರಯೋಗಾಲಯದ ಕೈಪಿಡಿಗೆ ಬಂದಾಗ ಅದೇ ಮಾತು ‘ಕತ್ತಲಲ್ಲಿ 15 ನಿಮಿಷ ಇಡಿ’ ಎಂದಾಗುತ್ತದೆ. ತಂತ್ರಜ್ಞರು ಟ್ಯೂಬುಗಳಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತುತ್ತಾರೆ, ಮೇಜಿನ ಡ್ರಾಯರಿನಲ್ಲಿಡುತ್ತಾರೆ, ಕೆಲವರು ಕೋಣೆಯ ದೀಪವನ್ನೇ ಆರಿಸುತ್ತಾರೆ. ಸೂಚನೆಯಲ್ಲಿ ಸುಳ್ಳಿಲ್ಲ. ಆದರೆ ಅದು ಅರ್ಧ ಮಾತ್ರ ಹೇಳುತ್ತದೆ. ಯಾವ ಬಣ್ಣಕ್ಕೆ, ಯಾವ ಬೆಳಕು, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳನ್ನು ಅದು ಕೇಳುವುದೇ ಇಲ್ಲ. ಎಲ್ಲ ಬಣ್ಣಗಳಿಗೂ ಒಂದೇ ಭಯ ಹಂಚಿದ್ದರಿಂದ, ನಿಜವಾಗಿ ಭಯಪಡಬೇಕಾದ ಕಡೆ ಎಚ್ಚರ ಸಾಲದೆ ಹೋಗಿದೆ.

ಫ್ಲೋ ಸೈಟೋಮೆಟ್ರಿಯಲ್ಲಿ ಜೀವಕೋಶಗಳು ದ್ರವದ ಸಣ್ಣ ಧಾರೆಯಲ್ಲಿ ಒಂದರ ಹಿಂದೆ ಒಂದಾಗಿ ಲೇಸರ್ ಕಿರಣವನ್ನು ಹಾಯ್ದು ಹೋಗುತ್ತವೆ. ಕೋಶದ ಮೇಲ್ಮೈಯ ಗುರುತುಗಳಿಗೆ ಅಂಟುವ ಪ್ರತಿಕಾಯಗಳಿಗೆ ಮೊದಲೇ ಬಣ್ಣ ಜೋಡಿಸಿರುತ್ತಾರೆ. ಲೇಸರ್ ತಾಗಿದಾಗ ಬಣ್ಣ ಹೊಮ್ಮಿಸುವ ಬೆಳಕನ್ನು ಯಂತ್ರ ಅಳೆಯುತ್ತದೆ. ಪ್ರತಿಕಾಯಕ್ಕೆ ಪ್ರತಿದೀಪ್ತ ಬಣ್ಣ ಅಂಟಿಸುವ ವಿದ್ಯೆ ಆಲ್ಬರ್ಟ್ ಕೂನ್ಸ್ ಅವರ ತಂಡದಿಂದ 1940ರ ದಶಕದ ಆರಂಭದಲ್ಲೇ ಬಂದಿತ್ತು. ಆ ಬೆಳಕನ್ನು ನೋಡಿ ಕೋಶಗಳನ್ನು ಬೇರ್ಪಡಿಸುವ ಯಂತ್ರ ಸ್ಟ್ಯಾನ್‌ಫರ್ಡ್‌ನಲ್ಲಿ ಲಿಯೊನಾರ್ಡ್ ಹರ್ಜನ್‌ಬರ್ಗ್ ಅವರ ಗುಂಪಿನಿಂದ 1970ರ ಆಸುಪಾಸಿನಲ್ಲಿ ರೂಪುಗೊಂಡಿತು. ಕರ್ನಾಟಕದ ಸಾಮಾನ್ಯ ಜನರ ಹತ್ತಿರಕ್ಕೆ ಅದನ್ನು ತಂದದ್ದು ಮಾತ್ರ ಎಚ್‌ಐವಿ ಚಿಕಿತ್ಸೆ. 2004ರ ಏಪ್ರಿಲ್ 1ರಿಂದ ದೇಶದಲ್ಲಿ ಉಚಿತ ಎಆರ್‌ಟಿ ಔಷಧ ಆರಂಭವಾದ ಮೇಲೆ ‘ಸಿಡಿ4 ಎಷ್ಟಿದೆ’, ಅಂದರೆ ಸಿಡಿ4 ಗುರುತಿನ ಸಹಾಯಕ ಟಿ-ಕೋಶಗಳು ರಕ್ತದಲ್ಲಿ ಎಷ್ಟಿವೆ, ಎಂಬ ಪ್ರಶ್ನೆ ಸಾವಿರಾರು ಮನೆಗಳ ಮಾತಾಯಿತು. ಔಷಧ ಶುರು ಮಾಡಬೇಕೋ ಬೇಡವೋ ಎಂಬುದು 2017ರವರೆಗೆ ಮುಖ್ಯವಾಗಿ ಆ ಒಂದು ಅಂಕಿಯ ಮೇಲೆ ನಿಂತಿತ್ತು. ಈಗ ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಸಿಗುತ್ತದೆ. ಆದರೂ 200ಕ್ಕಿಂತ ಕೆಳಗಿಳಿದವರನ್ನು ಗುರುತಿಸಲು ಆ ಎಣಿಕೆ ಬೇಕೇ ಬೇಕು.

ಬೆಳಕಿನ ಭಯ ಎಲ್ಲಿಂದ ಶುರುವಾಗಬೇಕು ಎಂಬುದನ್ನು ತಿಳಿಯಲು ಉತ್ತರ ಕನ್ನಡದ ದಾಂಡೇಲಿಯ ಅಂಬೇವಾಡಿಯಲ್ಲಿ ತೆಗೆದ ಒಂದು ಟ್ಯೂಬ್ ರಕ್ತವನ್ನು ಹಿಂಬಾಲಿಸಬಹುದು. ದಾಂಡೇಲಿಯಿಂದ ಧಾರವಾಡಕ್ಕೆ ಸುಮಾರು 55 ಕಿಲೋಮೀಟರ್, ಹುಬ್ಬಳ್ಳಿಗೆ ಸುಮಾರು 75. ಆ ರಕ್ತ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಗಬೇಕಾದರೆ ಹಳಿಯಾಳದ ದಾರಿಯಲ್ಲೋ ಅಳ್ನಾವರದ ದಾರಿಯಲ್ಲೋ ಕೆಲವು ತಾಸು ಕಳೆಯುತ್ತದೆ. ಈ ಪ್ರಯಾಣದಲ್ಲಿ ಟ್ಯೂಬಿಗೆ ಫಾಯಿಲ್ ಸುತ್ತುವುದು ವ್ಯರ್ಥ ಶ್ರಮ. ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಆ ರಕ್ತದಲ್ಲಿ ಇನ್ನೂ ಬಣ್ಣವೇ ಸೇರಿಲ್ಲ. ಅಲ್ಲಿರುವ ಶತ್ರುಗಳು ಎರಡು: ಕಾಲ ಮತ್ತು ಸೆಕೆ. ಬಳಸುವ ಯಂತ್ರ ಮತ್ತು ಕಾರಕಕ್ಕೆ ತಕ್ಕಂತೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಬಣ್ಣ ಹಾಕಿ ಮುಗಿಸಬೇಕು; ಏಪ್ರಿಲ್ ತಿಂಗಳ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಟ್ಯೂಬ್ ಇಡಬಾರದು, ಮಂಜುಗಡ್ಡೆಗೆ ನೇರ ತಾಗಿಸಲೂಬಾರದು. ಬೆಳಕಿನ ಗಡಿಯಾರ ಓಡತೊಡಗುವುದು ಪ್ರಯೋಗಾಲಯದಲ್ಲಿ ಪಿಪೆಟ್ಟಿನ ತುದಿಯಿಂದ ಬಣ್ಣದ ಹನಿ ಬಿದ್ದ ಕ್ಷಣದಿಂದ. ಸೀಸೆಯಲ್ಲಿರುವ ಬಣ್ಣಕ್ಕಾದರೆ, ಅದು ತಯಾರಾದ ದಿನದಿಂದಲೇ.

ಬೆಳಕು ಬಣ್ಣವನ್ನು ಕೊಲ್ಲುವ ಬಗೆಯನ್ನು ದಾಂಡೇಲಿಯವರಿಗೆ ಹೇಳುವುದು ಸುಲಭ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಈ ಊರನ್ನು ಕಾಗದದ ಊರಾಗಿಸಿತು. ಬರೆಯುವ, ಅಚ್ಚುಹಾಕುವ ಕಾಗದ ಬೆಳ್ಳಗೆ ಕಾಣಲಿ ಎಂದು ಕಾಗದ ಉದ್ಯಮ ಸ್ಟಿಲ್ಬೀನ್ ವರ್ಗದ ಪ್ರತಿದೀಪ್ತ ಬಿಳುಪುಕಾರಕಗಳನ್ನು ಬಳಸುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅವು ಹೀರಿ ನೀಲಿ ಬೆಳಕು ಕೊಡುತ್ತವೆ. ಅಂಥ ಹಾಳೆಯನ್ನು ಕೆಲವು ವಾರ ಬಿಸಿಲು ಬೀಳುವ ಕಿಟಕಿಯಲ್ಲಿ ಬಿಟ್ಟರೆ ಹೊಳಪು ಹೋಗಿ ಮಂಕಾಗುತ್ತದೆ. ಹಾಳೆ ಹಳದಿಯಾಗಲು ಮರದ ಲಿಗ್ನಿನ್ ಕೂಡ ಕಾರಣ. ಆದರೆ ಹೊಳಪು ಕುಂದುವುದರಲ್ಲಿ ಬಿಳುಪುಕಾರಕದ ನಾಶಕ್ಕೆ ಪಾಲಿದೆ. ಬೆಳಕು ಕೊಡುವ ಅಣು ಬೆಳಕಿನಿಂದಲೇ ಸವೆಯುತ್ತದೆ. ಸೈಟೋಮೆಟ್ರಿಯ ಬಣ್ಣಗಳಲ್ಲಿ ನಡೆಯುವುದೂ ಈ ಜಾತಿಯ ಸವಕಳಿಯೇ.

ಬಣ್ಣದ ಅಣು ಫೋಟಾನ್ ಒಂದನ್ನು ಹೀರಿದಾಗ ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಫ್ಲೋರೆಸೀನ್‌ನಂಥ ಬಣ್ಣದಲ್ಲಿ ಸುಮಾರು 4 ನ್ಯಾನೋಸೆಕೆಂಡಿನಲ್ಲಿ ಅದು ಬೆಳಕು ಚೆಲ್ಲಿ ಕೆಳಗಿಳಿಯುತ್ತದೆ. ಅಪರೂಪಕ್ಕೊಮ್ಮೆ ದಾರಿ ತಪ್ಪಿ ‘ಟ್ರಿಪ್ಲೆಟ್’ ಎಂಬ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅದರ ವಾಸ ಸಾವಿರಾರು ಪಟ್ಟು ದೀರ್ಘ. ಆ ಹೊತ್ತಿನಲ್ಲಿ ದ್ರವದಲ್ಲಿ ಕರಗಿರುವ ಆಮ್ಲಜನಕ ಹತ್ತಿರ ಬಂದರೆ ಶಕ್ತಿ ಅದಕ್ಕೆ ದಾಟಿ, ಅತಿ ಚುರುಕಾದ ಸಿಂಗ್ಲೆಟ್ ಆಮ್ಲಜನಕ ಹುಟ್ಟಿ, ಬಣ್ಣದ ಅಣುವನ್ನೇ ಮುರಿಯುತ್ತದೆ. ಫ್ಲೋರೆಸೀನ್ ಅಣು ಸಾಯುವ ಮುನ್ನ ಕೆಲವು ಹತ್ತು ಸಾವಿರ ಫೋಟಾನುಗಳನ್ನಷ್ಟೇ ಕೊಡಬಲ್ಲದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಬಣ್ಣ ಮಾಸುವ ಭಯದ ಬಹುಪಾಲು ಸೂಕ್ಷ್ಮದರ್ಶಕದಿಂದ ಬಂದದ್ದು. ಅಲ್ಲಿ ಒಂದೇ ಕೋಶದ ಮೇಲೆ ಪ್ರಬಲ ಬೆಳಕು ಸೆಕೆಂಡುಗಟ್ಟಲೆ ನಿಲ್ಲುತ್ತದೆ. ನೋಡನೋಡುತ್ತಿದ್ದಂತೆ ಚಿತ್ರ ಮಸುಕಾಗುತ್ತದೆ. ಸೈಟೋಮೀಟರಿನಲ್ಲಿ ಕೋಶ ಲೇಸರಿನಡಿ ಇರುವುದು ಸುಮಾರು 10 ಮೈಕ್ರೋಸೆಕೆಂಡ್. ಮೇಜಿನ ಮೇಲೆ ಕಾಯುವ 15 ನಿಮಿಷ ಎಂದರೆ 90 ಕೋಟಿ ಮೈಕ್ರೋಸೆಕೆಂಡ್. ಲೇಸರ್ ಎಷ್ಟೇ ಪ್ರಖರವಾಗಿದ್ದರೂ ಇಲ್ಲಿ ಹಾನಿಯ ಮುಖ್ಯ ಜಾಗ ಯಂತ್ರವಲ್ಲ, ಅದಕ್ಕೆ ಮೊದಲಿನ ಮೇಜು, ಕಿಟಕಿ, ಸಾಲಿನಲ್ಲಿ ಕಾಯುವ ಟ್ಯೂಬ್‌ಸ್ಟ್ಯಾಂಡ್. ಸೂಕ್ಷ್ಮದರ್ಶಕದವರು ಮಾಡಿದ ಬಣ್ಣಗಳ ಬಾಳಿಕೆಯ ಪಟ್ಟಿಯನ್ನು ಸೈಟೋಮೆಟ್ರಿಗೆ ಹಾಗೇ ತಂದುಕೊಂಡರೆ ಲೆಕ್ಕ ತಪ್ಪುತ್ತದೆ. ಪಿಇ ಎಂದು ಕರೆಯುವ ಫೈಕೋಎರಿಥ್ರಿನ್ ಇದಕ್ಕೆ ಒಳ್ಳೆಯ ಉದಾಹರಣೆ: ಸೂಕ್ಷ್ಮದರ್ಶಕದಡಿ ಅದು ಬೇಗ ಮಾಸಿ ಬೇಸರ ತರಿಸುತ್ತದೆ, ಸೈಟೋಮೀಟರಿನಲ್ಲಿ ಅದೇ ಅತ್ಯಂತ ಪ್ರಕಾಶಮಾನ ಬಣ್ಣಗಳಲ್ಲಿ ಒಂದು.

ಪಿಇಯ ಹುಟ್ಟು ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. ಅದು ಕೆಂಪು ಪಾಚಿಗಳ ಪ್ರೋಟೀನು. ಅಂಥ ಪಾಚಿಗಳು ಉತ್ತರ ಕನ್ನಡದ್ದೇ ಆದ ಕಾರವಾರದ ಕಡಲ ಬಂಡೆಗಳ ಮೇಲೂ ಬೆಳೆಯುತ್ತವೆ. ಇನ್ನೊಂದು ಬಣ್ಣವಾದ ಎಪಿಸಿ, ಅಂದರೆ ಅಲೋಫೈಕೋಸಯಾನಿನ್, ಸ್ಪಿರುಲಿನಾದಂಥ ನೀಲಿ-ಹಸಿರು ಪಾಚಿಯಲ್ಲಿದೆ. ಮೈಸೂರಿನ ಸಿಎಫ್‌ಟಿಆರ್‌ಐ ಆಹಾರವಾಗಿ ಬೆಳೆಸುವ ಸಂಶೋಧನೆ ನಡೆಸಿದ ಪಾಚಿಯೂ ಅದೇ ಸ್ಪಿರುಲಿನಾ. ಮಬ್ಬು ನೀರಿನಲ್ಲಿ ಸಿಕ್ಕಷ್ಟು ಬೆಳಕನ್ನು ಬಾಚಿ, ಪಕ್ಕದ ಅಣುವಿಗೆ ದಾಟಿಸಿ, ಕೊನೆಗೆ ಹರಿತ್ತಿಗೆ ಮುಟ್ಟಿಸುವುದು ಈ ಪ್ರೋಟೀನುಗಳ ಕೆಲಸ. ಪಿಇಯ ಒಂದೊಂದು ಅಣುವಿನಲ್ಲೂ ಸುಮಾರು 34 ವರ್ಣಕಗಳಿವೆ. ಅದರ ಹೊಳಪಿನ ಗುಟ್ಟು ಅದು. ಹೀರಿದ ಶಕ್ತಿಯನ್ನು ಬೇರೆಯವರಿಗೆ ಕೊಡಲೆಂದು ಪ್ರಕೃತಿ ಕಟ್ಟಿದ ಅಣುವನ್ನು ಕೋಶದಿಂದ ಬೇರೆಮಾಡಿ, ಆ ಶಕ್ತಿಯನ್ನು ಬೆಳಕಾಗಿ ಚೆಲ್ಲಿಸುವುದು 1982ರ ಸುಮಾರಿಗೆ ವರ್ನನ್ ಓಯಿ, ಅಲೆಕ್ಸಾಂಡರ್ ಗ್ಲೇಜರ್, ಲುಬರ್ಟ್ ಸ್ಟ್ರೈಯರ್ ಅವರು ತೋರಿಸಿದ ಜಾಣ್ಮೆ. ಮಂದ ಬೆಳಕಿನ ಜೀವಿಯ ಪ್ರೋಟೀನನ್ನು ಬಿಸಿಲಿಗೆ ಒಡ್ಡಿದರೆ ಅದು ತಾಳದಿರುವುದರಲ್ಲಿ ಅಚ್ಚರಿಯಿಲ್ಲ. ಪ್ರೋಟೀನ್ ಆದ್ದರಿಂದಲೇ ಇವೆರಡನ್ನೂ ಫ್ರೀಜರಿನಲ್ಲಿ ಗಟ್ಟಿಮಾಡಬಾರದು, ಮೆಥನಾಲ್ ತಾಗಿಸಬಾರದು. ಬೆಳಕು ತಪ್ಪಿಸಿ ಮಂಜಿಗೆ ಹಾಕಿ ಕೆಡಿಸಿದ ಸೀಸೆಯೂ ಕೆಟ್ಟ ಸೀಸೆಯೇ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಡುವವು ಟ್ಯಾಂಡೆಮ್ ಬಣ್ಣಗಳು. ಕೈಪಿಡಿಗಳು ಅತಿ ಕಡಿಮೆ ಬಿಡಿಸಿ ಹೇಳುವ ಸಂಗತಿಯೂ ಇದೇ. ಟ್ಯಾಂಡೆಮ್ ಎಂದರೆ ಎರಡು ಬಣ್ಣಗಳ ಜೋಡಿ: ಪಿಇ ಅಥವಾ ಎಪಿಸಿಗೆ ಸೈ5, ಸೈ7ರಂಥ ಸಯಾನಿನ್ ಬಣ್ಣ ಅಂಟಿಸಿರುತ್ತಾರೆ. ಲೇಸರಿನ ಶಕ್ತಿಯನ್ನು ಮೊದಲನೆಯದು ಹೀರುತ್ತದೆ, ಎರಡನೆಯದಕ್ಕೆ ದಾಟಿಸುತ್ತದೆ, ಎರಡನೆಯದು ದೂರದ ಕೆಂಪಿನಲ್ಲಿ ಬೆಳಗುತ್ತದೆ. ಹೀಗೆ ಒಂದೇ ಲೇಸರಿನಿಂದ ಹಲವು ಬಣ್ಣಗಳನ್ನು ಓದಬಹುದು. ಆದರೆ ಬೆಳಕು ತಾಗಿದಾಗ ಮೊದಲು ಮುರಿಯುವುದು ಸಾಮಾನ್ಯವಾಗಿ ಸ್ವೀಕರಿಸುವ ಸಯಾನಿನ್ ತುದಿ. ಆಗ ಪಿಇ ಹೀರಿದ ಶಕ್ತಿಗೆ ಹೋಗಲು ದಾರಿಯಿಲ್ಲದೆ ಅದು ಪಿಇಯದೇ ಬಣ್ಣದಲ್ಲಿ ಹೊರಬರುತ್ತದೆ. ಫ್ಲೋರೆಸೀನ್‌ನ ಒಂದು ರೂಪವಾದ ಎಫ್‌ಐಟಿಸಿ ಮಾಸಿದರೆ ಸಂಕೇತ ಕಡಿಮೆಯಾಗುತ್ತದೆ, ಅಷ್ಟೇ. ಪಿಇ-ಸೈ7 ಮುರಿದರೆ ಒಂದು ಕಡೆ ಸಂಕೇತ ಕಡಿಮೆಯಾಗುವುದರ ಜೊತೆಗೆ ಇನ್ನೊಂದು ಕಡೆ ಇಲ್ಲದ ಸಂಕೇತ ಹುಟ್ಟುತ್ತದೆ. ಮೊದಲನೆಯದು ನಷ್ಟ, ಎರಡನೆಯದು ಸುಳ್ಳು ಸಾಕ್ಷಿ. ಒಂದೇ ಸೂಚನೆಯ ಅಡಿಯಲ್ಲಿ ಈ ಎರಡನ್ನೂ ಸೇರಿಸಿರುವುದು ಈ ರೂಢಿಯ ಅತಿ ದೊಡ್ಡ ಕೊರತೆ. ಸಾಮಾನ್ಯ ಬಳಕೆಯ ಟ್ಯಾಂಡೆಮ್‌ಗಳಲ್ಲಿ ಎಪಿಸಿ-ಸೈ7 ಅತಿ ನಾಜೂಕಿನದು ಎಂಬುದು ಈ ಕ್ಷೇತ್ರದವರೆಲ್ಲ ಒಪ್ಪಿದ ಮಾತು. ಬೆಳಕು, ಶಾಖ, ಫಾರ್ಮಾಲ್ಡಿಹೈಡ್ ಮೂರೂ ಅದಕ್ಕೆ ಕೇಡು, ಮೂರೂ ಒಟ್ಟಿಗೆ ಬಂದರೆ ಇನ್ನೂ ಕೇಡು.

ಈ ವ್ಯತ್ಯಾಸ ರೋಗಿಯ ವರದಿಯಲ್ಲಿ ಹೇಗೆ ಇಳಿಯುತ್ತದೆ ಎಂದು ನೋಡಿದರೆ ಎಲ್ಲಿ ಎಷ್ಟು ಭಯ ಬೇಕೆಂಬುದು ಸ್ಪಷ್ಟವಾಗುತ್ತದೆ. ಸಿಡಿ4 ಎಣಿಕೆಗೆಂದೇ ರೂಪಿಸಿದ ಫ್ಯಾಕ್ಸ್‌ಕೌಂಟ್ ಯಂತ್ರದಲ್ಲಿ ಹಸಿರು ಲೇಸರ್, ಪಿಇ ಮತ್ತು ಪಿಇ-ಸೈ5 ಎಂಬ ಎರಡೇ ಬಣ್ಣ. ಸಹಾಯಕ ಟಿ-ಕೋಶದ ಮೇಲೆ ಸಿಡಿ4 ಅಣುಗಳು ಹತ್ತಾರು ಸಾವಿರ ಇರುತ್ತವೆ. ಬಣ್ಣ ಹಿಡಿದ ಕೋಶಗಳ ಗುಂಪು ಹಿಡಿಯದ ಗುಂಪಿನಿಂದ ಹತ್ತು ಪಟ್ಟಿಗೂ ಹೆಚ್ಚು ದೂರ ನಿಲ್ಲುತ್ತದೆ. ಬೆಳಕಿನಿಂದ ಹೊಳಪು ಐದರಲ್ಲೊಂದು ಪಾಲು ಇಳಿದರೂ ಗುಂಪು ತುಸು ಸರಿಯುತ್ತದೆಯೇ ಹೊರತು ಪಕ್ಕದ ಗುಂಪಿಗೆ ಬೆರೆಯುವುದಿಲ್ಲ. ಅಲ್ಲಿ ಬೇಕಾದದ್ದು ತಲೆ ಎಣಿಕೆ; ತಲೆಗಳು ಅಷ್ಟೇ ಇರುತ್ತವೆ. ಆದ್ದರಿಂದ ಸಿಡಿ4 ಟ್ಯೂಬ್ ಐದು ನಿಮಿಷ ಕೋಣೆಯ ದೀಪದಡಿ ಉಳಿಯಿತೆಂದು ಅದನ್ನು ಎಸೆದು, ಜೊಯಿಡಾದ ಕಾಡೂರಿನಿಂದ ಒಂದು ದಿನದ ಕೂಲಿ ಬಿಟ್ಟು ಬಂದವರನ್ನು ಮತ್ತೆ ರಕ್ತಕ್ಕೆ ಕರೆಸುವುದು ನ್ಯಾಯವಲ್ಲ.

ರಕ್ತಕ್ಯಾನ್ಸರ್ ಪರೀಕ್ಷೆಯ ಮಾತೇ ಬೇರೆ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರಗಳ ಚಿಕಿತ್ಸೆಯಲ್ಲಿ ಫ್ಲೋ ಸೈಟೋಮೆಟ್ರಿಗೆ ಎರಡು ಕೆಲಸ: ಲ್ಯುಕೇಮಿಯಾ ಯಾವ ಬಗೆಯದೆಂದು ಹೇಳುವುದು, ಚಿಕಿತ್ಸೆಯ ನಂತರ ಉಳಿದ ರೋಗವನ್ನು ಹುಡುಕುವುದು. ಉಳಿಕೆ ರೋಗದ ಹುಡುಕಾಟದಲ್ಲಿ ಶೇ 0.01, ಅಂದರೆ ಹತ್ತು ಸಾವಿರ ಕೋಶಗಳಲ್ಲಿ ಒಂದು, ಗೆರೆಯಾಗಿ ನಿಲ್ಲುತ್ತದೆ. ಇಲ್ಲಿ ಎಂಟು, ಹತ್ತು ಬಣ್ಣಗಳು ಒಂದೇ ಟ್ಯೂಬಿನಲ್ಲಿ. ಅದರಲ್ಲಿ ಹಲವು ಟ್ಯಾಂಡೆಮ್. ಒಂದು ಟ್ಯೂಬಿನಲ್ಲಿ ಬಿ-ಕೋಶದ ಗುರುತಾದ ಸಿಡಿ19ಕ್ಕೆ ಪಿಇ-ಸೈ7, ಮಜ್ಜೆಯ ಇನ್ನೊಂದು ವಂಶದ ಗುರುತಾದ ಸಿಡಿ13ಕ್ಕೆ ಪಿಇ ಇದೆ ಎಂದುಕೊಳ್ಳಬಹುದು. ಟ್ಯಾಂಡೆಮ್ ಮುರಿದರೆ ಬಿ-ಕೋಶಗಳೇ ಪಿಇಯ ಬೆಳಕನ್ನು ಅಳೆಯುವ ಕಾಲುವೆಯಲ್ಲಿ (ಚಾನೆಲ್‌ನಲ್ಲಿ) ಬೆಳಗಿ, ಅವಕ್ಕೆ ಸಿಡಿ13 ಕೂಡ ಇದೆ ಎಂಬಂತೆ ಕಾಣುತ್ತವೆ. ಆ ಅಡ್ಡಗುರುತು ಕ್ಯಾನ್ಸರ್ ಕೋಶವನ್ನು ಹಿಂಬಾಲಿಸಲು ವೈದ್ಯರು ಅರಸುವ ಗುರುತುಗಳಲ್ಲಿ ಒಂದು. ಒಂದು ಮಗುವಿನ ಚಿಕಿತ್ಸೆಯ ಮುಂದಿನ ಹೆಜ್ಜೆ ತೀರ್ಮಾನವಾಗುವ ಜಾಗದಲ್ಲಿ ಕಿಟಕಿಯ ಬಿಸಿಲು ಸಾಕ್ಷಿ ಹೇಳುವಂತಾಗಬಾರದು. ಇಲ್ಲಿ ಎಷ್ಟು ಕಟ್ಟುನಿಟ್ಟಾದರೂ ಹೆಚ್ಚಲ್ಲ.

‘ಬೆಳಕು’ ಎಂಬ ಪದವನ್ನೂ ಒಡೆದು ನೋಡಬೇಕು. ಪ್ರಯೋಗಾಲಯದ ಮೇಜಿನ ಮೇಲೆ ಸುಮಾರು 500 ಲಕ್ಸ್ ಬೆಳಕಿರುತ್ತದೆ. ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್, ಇನ್ನೂರು ಪಟ್ಟು. ನೇರ ಬಿಸಿಲಿನಲ್ಲಿ ಒಂದು ನಿಮಿಷ ಇಟ್ಟ ಟ್ಯೂಬಿಗೆ ಸಿಕ್ಕುವ ಬೆಳಕು, ಮೇಜಿನ ದೀಪದಡಿ ಮೂರು ತಾಸಿಗೂ ಹೆಚ್ಚು ಹೊತ್ತು ಇಟ್ಟದ್ದಕ್ಕೆ ಸಮ. ಕೋಣೆಯ ದೀಪ ಆರಿಸಿ ಕಿಟಕಿಯ ಪರದೆ ತೆರೆದಿಡುವ ರೂಢಿ ಎಷ್ಟು ತಲೆಕೆಳಗು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ದೀಪಗಳಲ್ಲೂ ಭೇದವಿದೆ. ಹಳೆಯ ಟ್ಯೂಬ್‌ಲೈಟಿನೊಳಗಿನ ಪಾದರಸ 405, 436, 546 ನ್ಯಾನೋಮೀಟರಿನಲ್ಲಿ ಚೂಪಾದ ಗೆರೆಗಳಾಗಿ ಬೆಳಗುತ್ತದೆ. ಮೊದಲ ಗೆರೆ ಬಿವಿ421 ಎಂಬ ಪಾಲಿಮರ್ ಬಣ್ಣ ಅತಿ ಹೆಚ್ಚು ಹೀರುವ ಜಾಗ, ಮೂರನೆಯದು ಪಿಇ ಚೆನ್ನಾಗಿ ಹೀರುವ ಜಾಗ. ಈಗಿನ ಬಿಳಿ ಎಲ್‌ಇಡಿಯ ನೀಲಿ ಶಿಖರ 450ರ ಸುಮಾರಿಗಿದೆ, ಅಲ್ಲಿಂದಾಚೆ ಹಳದಿಯ ಅಗಲ ಹರವು. ಟ್ಯೂಬ್‌ಲೈಟ್ ಕಾಲದಲ್ಲಿ ನಿಗದಿಯಾದ ಸುರಕ್ಷಿತ ಅವಧಿಯನ್ನು ಎಲ್‌ಇಡಿ ಹಾಕಿದ ಕೋಣೆಗೆ ಪರೀಕ್ಷಿಸದೆ ಅನ್ವಯಿಸುವುದು ಸರಿಯಲ್ಲ.

ಮರೆಮಾಡುವ ಸಾಧನಗಳೂ ಒಂದೇ ಬಗೆಯಲ್ಲ. ಔಷಧಿ ಅಂಗಡಿಯ ಟಾನಿಕ್ ಬಾಟಲಿಯಂಥ ಕಂದು ಟ್ಯೂಬುಗಳು ನೇರಳೆ, ನೀಲಿಯನ್ನು ತಡೆಯುತ್ತವೆ. ಎಫ್‌ಐಟಿಸಿಗೂ ಬಿವಿ421ಕ್ಕೂ ಅದು ಒಳ್ಳೆಯ ಕವಚ. ಆದರೆ ಕೆಂಪು ಬೆಳಕು ಅವುಗಳ ಮೂಲಕ ಸಲೀಸಾಗಿ ಹಾಯುತ್ತದೆ, ಎಪಿಸಿ ಹೀರುವುದೇ 650ರ ಕೆಂಪನ್ನು. ಅತಿ ನಾಜೂಕಾದ ಎಪಿಸಿ-ಸೈ7ಗೆ ಕಂದು ಟ್ಯೂಬ್ ಸಾಕೆಂದು ನಂಬುವುದು ತಪ್ಪು. ಫೋಟೋ ಸ್ಟುಡಿಯೋದ ಕತ್ತಲಕೋಣೆಯ ನೆನಪಿನಲ್ಲಿ ಕೆಂಪು ಬಲ್ಬು ಹಾಕುವುದೂ ಇದೇ ಕಾರಣಕ್ಕೆ ತಪ್ಪು. ಬಿಳಿ ಕಾಗದ ಸುತ್ತಿದರೆ ಬೆಳಕು ಚದುರಿ ಒಳಗೆ ಇಳಿಯುತ್ತದೆ. ಎಲ್ಲ ಬಣ್ಣಗಳಿಗೂ ಸಮನಾಗಿ ನಿಲ್ಲುವುದು ಫಾಯಿಲ್, ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬ. ಡಬ್ಬವೇ ಮೇಲು: ಫಾಯಿಲಿನ ತುದಿ ಬಿಚ್ಚಿಕೊಳ್ಳುತ್ತದೆ, ಟ್ಯೂಬಿನ ಮೇಲಿನ ಹೆಸರು ಮುಚ್ಚಿಹೋಗುತ್ತದೆ. ಹೆಸರು ಅದಲುಬದಲಾಗುವ ಅಪಾಯ ಬೆಳಕಿನ ಅಪಾಯಕ್ಕಿಂತ ದೊಡ್ಡದು.

ಕತ್ತಲಿಗಿಂತ ಮುಖ್ಯವಾದದ್ದು ಸಮಾನತೆ. ಬಣ್ಣಗಳು ಒಂದರ ಕಾಲುವೆಗೆ ಒಂದು ಸೋರುವುದನ್ನು ಲೆಕ್ಕದಿಂದ ಕಳೆಯುವ ಕ್ರಮಕ್ಕೆ ಕಾಂಪೆನ್ಸೇಷನ್ ಎನ್ನುತ್ತಾರೆ. ಅದಕ್ಕಾಗಿ ಒಂದೊಂದೇ ಬಣ್ಣ ಹಾಕಿದ ಹೋಲಿಕೆ ಟ್ಯೂಬುಗಳನ್ನು ಓದಬೇಕು. ರೋಗಿಯ ಟ್ಯೂಬ್ ಕತ್ತಲಲ್ಲಿದ್ದು ಹೋಲಿಕೆ ಟ್ಯೂಬ್ ಮೇಜಿನ ಮೇಲಿದ್ದರೆ, ಮುರಿದ ಟ್ಯಾಂಡೆಮ್‌ನಿಂದ ಕಲಿತ ಸೋರಿಕೆಯ ಲೆಕ್ಕ ಮುರಿಯದ ಟ್ಯಾಂಡೆಮ್‌ಗೆ ಅನ್ವಯವಾಗುತ್ತದೆ. ಇಡೀ ಲೆಕ್ಕ ಓರೆಯಾಗುತ್ತದೆ, ನೋಡುವವರಿಗೆ ಸುಳಿವೂ ಸಿಗುವುದಿಲ್ಲ. ಎರಡೂ ಸಮನಾಗಿ ಸ್ವಲ್ಪ ಬೆಳಕು ಕಂಡಿದ್ದರೆ ಹಾನಿ ಅದಕ್ಕಿಂತ ಕಡಿಮೆ. ಟ್ಯಾಂಡೆಮ್‌ಗಳಲ್ಲಿ ತಯಾರಿಕೆಯ ಒಂದೊಂದು ಲಾಟಿಗೂ ಸೋರಿಕೆ ಬೇರೆ. ಹೋಲಿಕೆಗೂ ಮಾದರಿಗೂ ಒಂದೇ ಸೀಸೆ ಬಳಸಬೇಕು. ‘ಕತ್ತಲಲ್ಲಿಡಿ’ ಎಂದು ಬರೆಯುವ ಕೈಪಿಡಿ ‘ಎಲ್ಲವನ್ನೂ ಒಂದೇ ಡಬ್ಬದಲ್ಲಿಡಿ’ ಎಂದೂ ಬರೆದಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಬೆಳಕಿನ ತಲೆಗೆ ಕಟ್ಟುವ ತಪ್ಪುಗಳೂ ಇವೆ. ಕತ್ತಲಲ್ಲಿಟ್ಟ ಟ್ಯಾಂಡೆಮ್ ಕೂಡ ಮುರಿಯುತ್ತದೆ: ಜೀವಂತ ಕೋಶಗಳೇ ತಮ್ಮ ಉಸಿರಾಟದ ಚಟುವಟಿಕೆಯಿಂದ ಅದನ್ನು ಒಡೆಯಬಲ್ಲವು, ಬೆಚ್ಚಗಿದ್ದಷ್ಟೂ ಬೇಗ. ಗಾಳಿಯಲ್ಲಿರುವ ಓಜೋನ್ ಸೈ5ರಂಥ ಬಣ್ಣಗಳನ್ನು ಕೆಡಿಸುತ್ತದೆ ಎಂಬುದು ಜೀನ್ ಚಿಪ್ಪುಗಳ ಪ್ರಯೋಗಾಲಯಗಳಲ್ಲಿ ಕಂಡ ಅನುಭವ. ಫಾರ್ಮಾಲ್ಡಿಹೈಡಿನಲ್ಲಿ ಸ್ಥಿರಗೊಳಿಸಿದ ಮಾದರಿಯನ್ನು ಮರುದಿನಕ್ಕೆ ಉಳಿಸಿದರೆ ಫಾಯಿಲ್ ಎಷ್ಟು ಪದರ ಸುತ್ತಿದರೂ ಎಪಿಸಿ-ಸೈ7 ಸವೆದಿರುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಸೆರಗಿನ ಊರುಗಳಲ್ಲಿ ಕರೆಂಟು ತಾಸುಗಟ್ಟಲೆ ಹೋಗುವುದುಂಟು; ಆಗ ಫ್ರಿಜ್ಜಿನೊಳಗೆ ಪೂರ್ತಿ ಕತ್ತಲೇ ಇರುತ್ತದೆ, 2ರಿಂದ 8 ಡಿಗ್ರಿಯ ತಂಪು ಇರುವುದಿಲ್ಲ. ಫಲಿತಾಂಶ ಕೆಟ್ಟಾಗ ‘ಬೆಳಕು ತಾಗಿರಬೇಕು’ ಎಂದು ಮುಗಿಸಿಬಿಟ್ಟರೆ ಈ ಕಾರಣಗಳು ಹುಡುಕದೇ ಉಳಿಯುತ್ತವೆ.

ಹೊಸ ಬಣ್ಣಗಳು ಸಮಸ್ಯೆಯನ್ನು ಒಂದು ಮಟ್ಟಿಗೆ ಹಗುರಮಾಡಿವೆ. ವಿದ್ಯುತ್ ಹರಿಸುವ ಪಾಲಿಮರುಗಳ ಶೋಧಕ್ಕೆ 2000ದ ರಸಾಯನಶಾಸ್ತ್ರ ನೊಬೆಲ್ ಸಂದಿತು. ಆ ರಸಾಯನದ ಕವಲಿನಿಂದ ಬಂದ ಬಿವಿ421ರ ಹೊಳಪು ಪಿಇಗೆ ಸರಿಸಾಟಿ. ಆದರೆ ಅದರ ಮೇಲೆ ಕಟ್ಟಿದ ಬಿವಿ605, ಬಿವಿ786 ಮುಂತಾದವು ಮತ್ತೆ ಟ್ಯಾಂಡೆಮ್‌ಗಳೇ. ಹೆಸರು ಹೊಸದಾದರೂ ಮುರಿಯುವ ದಾರಿ ಹಳೆಯದು.

ಸೀಸೆಯ ಸೂಚನೆಗೆ ಪರ್ಯಾಯವಾಗಿ ಪ್ರತಿ ಪ್ರಯೋಗಾಲಯ ತನ್ನದೇ ಕೋಣೆಯಲ್ಲಿ ಮಾಡಿಕೊಳ್ಳಬಹುದಾದ ಪರೀಕ್ಷೆ ಸರಳ. ಒಂದೇ ರಕ್ತಕ್ಕೆ ಒಂದೇ ಟ್ಯಾಂಡೆಮ್ ಬಣ್ಣ ಹಾಕಿ ಐದು ಟ್ಯೂಬ್ ಮಾಡಬೇಕು. ಒಂದು ಡಬ್ಬದಲ್ಲಿ, ಮೂರು ಮೇಜಿನ ದೀಪದಡಿ 15, 30, 60 ನಿಮಿಷ, ಒಂದು ಕಿಟಕಿಯ ಬಳಿ ಐದು ನಿಮಿಷ. ಅವಧಿ ಮುಗಿದದ್ದನ್ನು ಡಬ್ಬಕ್ಕೆ ಸೇರಿಸಿ, ಒಂದು ತಾಸಿನ ನಂತರ ಎಲ್ಲವನ್ನೂ ಒಟ್ಟಿಗೆ ಓದಿ, ಪಿಇ ಅಥವಾ ಎಪಿಸಿ ಕಾಲುವೆಯಲ್ಲಿ ಸೋರಿಕೆ ಎಷ್ಟು ಏರಿತೆಂದು ಬರೆದಿಡಬೇಕು. ಆ ಕೋಣೆಗೆ, ಆ ದೀಪಕ್ಕೆ, ಆ ಬಣ್ಣಕ್ಕೆ ಎಷ್ಟು ನಿಮಿಷದ ಸಲಿಗೆ ಇದೆ ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಉತ್ತರ ಬೇರೆ ಸಿಗದು. ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಬೇಕಾಗುತ್ತದೆ: ಮೋಡ ಕವಿದ ಜುಲೈನಲ್ಲಿ ಕಿಟಕಿಯ ಬಳಿ ತಾಳಿಕೊಂಡ ಟ್ಯೂಬ್, ಏಪ್ರಿಲ್‌ನ ಮಧ್ಯಾಹ್ನ ಅದೇ ಕಿಟಕಿಯ ಬಳಿ ತಾಳುವುದಿಲ್ಲ.